ಸುಂದರವ್ವನ ಗಾಡಿ, ತ್ರ್ಯಂಬಕ ಮಿಸ್ತ್ರಿಯ ಕಿವಿ

ತ್ರ್ಯಂಬಕ ಮಿಸ್ತ್ರಿಯ ಕಿವಿ ಮಂದವಾಗಿದೆ ಎಂಬುದು ಮೊದಲು ಗೊತ್ತಾದದ್ದು ಅವರ ಹೆಂಡತಿ ವರದಾಬಾಯಿಗೆ. ಮಿಸ್ತ್ರಿಗೂ ಗೊತ್ತಿತ್ತು. ಆದರೆ ಒಪ್ಪಿಕೊಳ್ಳಲು ಎರಡು ವರ್ಷ ಬೇಕಾಯಿತು, ಜೊತೆಗೆ ನೇಸರಗಿಯ ಒಂದು ಹಳೆಯ ಗಾಡಿ ಬೇಕಾಯಿತು.

ಬೈಲಹೊಂಗಲದಿಂದ ಮುರಗೋಡಕ್ಕೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ ಅವರ ಗ್ಯಾರೇಜು. ಮೇಲೆ ತಗಡು, ಪಕ್ಕಕ್ಕೆ ಬೇವಿನ ಮರ, ಹಿಂದೆಯೇ ಮನೆ. ನಾನು ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದವನು. ನನ್ನ ಸ್ಕೂಟರು ಇಪ್ಪತ್ತೆರಡು ವರ್ಷ ಬದುಕಿದ್ದು ಅವರ ಕೈಯಲ್ಲೇ. ನಾನಿನ್ನೂ ರಸ್ತೆಯಿಂದ ಒಳಗೆ ಹೊರಳುವಷ್ಟರಲ್ಲಿ, ಯಾವುದೋ ಜೀಪಿನ ಕೆಳಗೆ ಮಲಗಿದ್ದಲ್ಲಿಂದಲೇ ಅವರು ಕೂಗುತ್ತಿದ್ದರು: "ಮಾಸ್ತರ, ಪ್ಲಗ್ಗು ಹೊಲಸಾಗೇದ ನೋಡ್ರಿ!" ಮುಖ ನೋಡುವ ಮೊದಲು ಸಪ್ಪಳದ ಗುರುತು ಹಿಡಿಯುವ ಮನುಷ್ಯ.

ಅವರದು ವೇದ ಓದಿದವರ ಮನೆತನ. ತಂದೆ ಎಂಟನೆಯ ವಯಸ್ಸಿನಿಂದ ಮಗನನ್ನು ಎದುರಿಗೆ ಕೂಡಿಸಿಕೊಂಡು ಮಂತ್ರ ಹೇಳಿಸಿದರು. ಒಂದು ಸ್ವರ ಮೇಲೆ ಕೆಳಗೆ ಆದರೂ ತೊಡೆಗೆ ಚಿವುಟು ಬೀಳುತ್ತಿತ್ತು. ಹುಡುಗನ ಕಿವಿಯೇನೋ ತಯಾರಾಯಿತು, ಮನಸ್ಸು ಮಾತ್ರ ಬಸ್ ಸ್ಟ್ಯಾಂಡಿನ ಕಡೆ ಹೋಯಿತು. ಹದಿನಾರಕ್ಕೆ ಹುಬ್ಬಳ್ಳಿಯ ಒಂದು ಗ್ಯಾರೇಜು ಸೇರಿದರು. ನಾಲ್ಕು ವರ್ಷ ಬಿಟ್ಟು ನಟ್ಟು ಬೋಲ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಹೊತ್ತುಕೊಂಡು ತಿರುಗಿ ಬಂದಾಗ ತಂದೆ ಆರು ತಿಂಗಳು ಮಾತು ಬಿಟ್ಟರು. ತಾಯಿ ಭಾಗೀರಥಿಬಾಯಿ ಸಂಜೆಗೆ ಹಿತ್ತಲ ಬಾಗಿಲಲ್ಲಿ ಕಡಲೆಹಿಟ್ಟಿನ ಬಟ್ಟಲು ಹಿಡಿದು ಕಾಯುತ್ತಿದ್ದರಂತೆ. ಮಗನ ಕೈಯ ಜಿಡ್ಡನ್ನು ತಾವೇ ತಿಕ್ಕಿ ತೊಳೆದು ಒಳಗೆ ಕರೆದುಕೊಳ್ಳುತ್ತಿದ್ದರು. ಒಂದು ದಿನ ತಂದೆ ಯಾರಿಗೂ ಹೇಳದೆ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಚಾಲೂ ಇದ್ದ ಒಂದು ಜೀಪನ್ನು ಕಣ್ಣುಮುಚ್ಚಿ ಕೇಳಿದರು. "ತ್ರ್ಯಂಬಕಾ, ನಾಲ್ಕರಾಗ ಒಂದು ಅಕ್ಷರ ನುಂಗಲಿಕ್ಹತ್ತೇದಲ್ಲೋ ಇದು" ಎಂದರು. ಆ ಜೀಪಿನ ನಾಲ್ಕು ಸಿಲಿಂಡರುಗಳಲ್ಲಿ ಒಂದು ಉರಿಯುತ್ತಿರಲಿಲ್ಲ! ಅಪ್ಪ ಮಗನ ನಡುವೆ ಅಂದಿನಿಂದ ಮತ್ತೆ ಮಾತು ಶುರುವಾಯಿತು.

ಇಂಥ ಕಿವಿ ಅರವತ್ತರ ಹೊತ್ತಿಗೆ ಸದ್ದಿಲ್ಲದೆ ಕೈಬಿಡತೊಡಗಿತು. ನಳ ಬಿಟ್ಟು ಹಾಗೇ ಹೋಗುವುದು, ಚಹಾಕ್ಕೆ ಮೂರು ಸಲ ಕರೆದರೂ ಬಾರದಿರುವುದು. ವರದಾಬಾಯಿ ನೋಡಿಯೂ ಸುಮ್ಮನಿದ್ದರು. ಒಮ್ಮೆ ಕಿತ್ತೂರಿನವರೊಬ್ಬರು ರಿಪೇರಿಯಾದ ಕಾರನ್ನು ಅರ್ಧ ದಾರಿಯಿಂದ ಹೊರಳಿಸಿಕೊಂಡು ಬಂದರು. "ಮಿಸ್ತ್ರೇರ, ಬೆಲ್ಟು ಇಷ್ಟು ಕಿರಚಾಕತ್ತೈತಿ, ನಿಮಗ ಕೇಳಸಲಿಲ್ಲೇನ್ರಿ?" ಎಂದು ನಗುತ್ತಲೇ ಕೇಳಿದರು. ಮಿಸ್ತ್ರಿಯೂ ನಕ್ಕು ಬೆಲ್ಟು ಬದಲಿಸಿಕೊಟ್ಟರು. ಮಾರನೆಯ ದಿನದಿಂದ ಎಂಜಿನ್ನಿನ ಕೆಲಸ ನಿಂತಿತು. "ಈಗಿನ ಗಾಡಿ ನನಗ ತಿಳಿಯೂದಿಲ್ರಿ" ಎಂಬುದು ಅವರ ನೆಪ. ಆಯಿಲ್ ಬದಲಿಸುವುದು, ಪಂಕ್ಚರ್ ಹಾಕುವುದು, ಇಷ್ಟರಲ್ಲೇ ಒಂದೂವರೆ ವರ್ಷ ಕಳೆದರು. ವಯಸ್ಸಾಯಿತು, ಹುರುಪು ಕಡಿಮೆಯಾಗಿದೆ ಎಂದುಕೊಂಡವರಲ್ಲಿ ನಾನೂ ಒಬ್ಬ.

ಸುಂದರವ್ವ ಬಂದದ್ದು ಸಂಕ್ರಾಂತಿ ಮುಗಿದ ವಾರ. ನೇಸರಗಿಯವಳು, ನಲವತ್ತೈದರ ಹೆಂಗಸು. ಆರು ಜನ ಹೆಂಗಸರನ್ನು ಕಟ್ಟಿಕೊಂಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ, ಬೈಲಹೊಂಗಲ, ಕಿತ್ತೂರು, ಸವದತ್ತಿಯ ಹಾಸ್ಟೆಲ್ಲು, ಖಾನಾವಳಿಗಳಿಗೆ ಮುಟ್ಟಿಸುತ್ತಿದ್ದಳು. ಗಂಡ ಯಮನಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಸ್ಟೇರಿಂಗ್ ಹಿಡಿಯಲು ಅವನಿಗೆ ಅಂಜಿಕೆ. ಹೀಗಾಗಿ ಇವಳೇ ನಲವತ್ಮೂರಕ್ಕೆ ಗಾಡಿ ಕಲಿತು, ನಾಲ್ಕು ಗಾಲಿಯ ಒಂದು ಚಿಕ್ಕ ಡೀಸೆಲ್ ಮಾಲಿನ ಗಾಡಿ ಕೊಂಡಿದ್ದಳು. ಹದಿನಾರು ವರ್ಷ ಹಳೆಯದು, ಇವಳಿಗಿಂತ ಮೊದಲು ಮೂವರ ಕೈಯಲ್ಲಿ ದುಡಿದದ್ದು.

ಆ ದಿನ ಗಾಡಿ ಬಂದದ್ದು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು.

"ಗಾಡಿ ಕೆಲಸಾ ಬಿಟ್ಟೀನ್ರಿ ನಾ" ಎಂದರು ಮಿಸ್ತ್ರಿ, ಆಕೆ ಬಾಯಿ ತೆರೆಯುವ ಮೊದಲೇ.

"ಮೂರು ಗ್ಯಾರೇಜಿನವ್ರು ಗುಜರಿಗೆ ಹಾಕು ಅಂದ್ರು, ಕಾಕಾ. ನೀವೂ ಹಂಗ ಅನ್ನಾವ್ರಿದ್ರ ಅನ್ರಿ. ಆದ್ರ ಒಮ್ಮೆ ಸೀಟು ಎತ್ತಿ ನೋಡಿ ಅನ್ರಿ."

ಆ ಗಾಡಿಯಲ್ಲಿ ಎಂಜಿನ್ನು ಸೀಟಿನ ಕೆಳಗೆ. ಸೀಟು ಎತ್ತಿದರೆ ಒಳಗೆ ಒರೆಸಿ ಸ್ವಚ್ಛ ಮಾಡಿಟ್ಟ ಎಂಜಿನ್ನು. ಸುಂದರವ್ವ ಮಗಳ ಹಳೆಯ ನೋಟ್‌ಬುಕ್ಕೊಂದನ್ನು ಮುಂದೆ ಹಿಡಿದಳು. ಗಾಡಿಗೆ ಯಾವ ದಿನ, ಯಾವ ಹೊತ್ತಿಗೆ, ಎಲ್ಲಿ ಏನಾಯಿತು ಎಂದು ಬರೆದಿಟ್ಟಿದ್ದಳು. ಮಿಸ್ತ್ರಿ ಕನ್ನಡಕ ಹಾಕಿಕೊಂಡು ಓದಿದರು. ಮುಂಜಾನೆ ಸೆಲ್ಫ್ ಹೊಡೆದರೆ ಕಟ್ ಕಟ್ ಎಂದು ನಿಲ್ಲುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೂ ಹಾಗೇ. ತಿರುಗಿದರೂ ಎಷ್ಟೋ ಹೊತ್ತು ಎಂಜಿನ್ನು ಹತ್ತುವುದಿಲ್ಲ. ಮಧ್ಯಾಹ್ನ ಮಾತ್ರ ಒಂದೇ ಏಟಿಗೆ ಹತ್ತುತ್ತದೆ. ಹೆಡ್‌ಲೈಟು ಮಬ್ಬು. ಬ್ರೇಕು ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಸವದತ್ತಿ ಗುಡ್ಡದ ಏರಿಗೆ ಕಾದು ನೀರು ಉಕ್ಕುತ್ತದೆ. ಕೊನೆಯ ಪುಟದಲ್ಲಿ: "ಏನೋ ಒಂದು ಸಪ್ಪಳ."

ಮಿಸ್ತ್ರಿ ಬಹಳ ಹೊತ್ತು ಆ ಪುಸ್ತಕ ಕೆಳಗಿಡಲಿಲ್ಲ. ಮುಂದೊಂದು ದಿನ ನನಗೆ ಹೇಳಿದರು: "ಮಾಸ್ತರ, ನಲವತ್ತು ವರ್ಷದಾಗ ಮಂದಿ ಬಂದು ರೋಗದ ಹೆಸರು ಹೇಳ್ಯಾರ. ಬ್ಯಾಟರಿ ಹೋಗೇದ, ಪಂಪ್ ಹೋಗೇದ ಅಂತ. ಏನಾಗ್ತದ ಅನ್ನೂದನ್ನ ಅಷ್ಟ ಹೇಳಿದಾಕಿ ಈಕಿ ಒಬ್ಬಾಕಿ."

"ಬಿಟ್ಟು ಹೋಗ್ರಿ" ಎಂದರು ಅವತ್ತು ಆಕೆಗೆ. "ಆದ್ರ ದಿನಾ ಒಂದೆರಡು ತಾಸು ಬರಬೇಕು. ನನಗ ಇನ್ನೊಂದು ಜೋಡಿ ಕೈ ಬೇಕು."

ಸುಂದರವ್ವ ಮುಂಜಾನೆ ರೊಟ್ಟಿಯ ಬುಟ್ಟಿಗಳನ್ನು ಬಸ್ಸಿಗೆ ಹೇರಿ ಊರಲ್ಲಿ ಹಂಚಿ, ಹತ್ತು ಗಂಟೆಗೆ ಗ್ಯಾರೇಜಿಗೆ ಬರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆ, ಹೇಳಿದ ಪಾನಾ ಹೇಳಿದ ಕೈಗೆ ಬರುತ್ತಿತ್ತು.

ಮೊದಲ ದಿನ ಮಿಸ್ತ್ರಿ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಅಲ್ಲಿಂದ ಹೊರಟ ದಪ್ಪ ವೈರು ಗಾಡಿಯ ಕಬ್ಬಿಣಕ್ಕೆ ಕೂಡುವ ಜಾಗಕ್ಕೆ ಬೆರಳು ಹಾಕಿ ಹುಡುಕುತ್ತ ಹೋದರು. ಯಾರೋ ಮೊದಲಿನ ಮಾಲಕರು ಗಾಡಿಗೆ ಬಣ್ಣ ಬಳಿಸುವಾಗ ಆ ಬೋಲ್ಟಿನ ಮೇಲೂ ಬಳಿಸಿದ್ದರು. ಬಣ್ಣದ ಕೆಳಗೆ ಹಸಿರು ತುಕ್ಕು. ಗೀರಿ, ಉಜ್ಜಿ, ಹೊಸ ವೈರು ಬಿಗಿದರು.

"ಈಗ ಹೊಡೀರಿ ಸೆಲ್ಫು."

ಸೆಲ್ಫು ಗಿರ್ರನೆ ತಿರುಗಿತು. ಹೆಡ್‌ಲೈಟು ಹಾಕಿದರೆ ಎದುರಿನ ಗೋಡೆ ಹಗಲಿನಲ್ಲೂ ಬೆಳ್ಳಗಾಯಿತು. ಸುಂದರವ್ವನಿಗೆ ನಂಬಿಕೆ ಬರಲಿಲ್ಲ. "ಎರಡಕ್ಕೂ ಇದ ಒಂದ ಬೋಲ್ಟೇನ್ರಿ?"

"ಎರಡಕ್ಕೂ. ಕರೆಂಟು ಹೋದ್ರ ಸಾಲದು, ತಿರುಗಿ ಬರಬೇಕು. ತಿರುಗಿ ಬರೂ ದಾರಿ ಮುಚ್ಚಿತ್ತು."

ಆದರೆ ಮರುದಿನ ಮುಂಜಾನೆ ಸೆಲ್ಫು ಜೋರಾಗಿ ತಿರುಗಿದರೂ ಎಂಜಿನ್ನು ಹತ್ತಲಿಲ್ಲ. ಮಿಸ್ತ್ರಿಗೆ ಇದರ ನಿರೀಕ್ಷೆಯಿತ್ತು. ಇಡೀ ರಾತ್ರಿ ನಿಂತ ಮೇಲೆ ಮಾತ್ರ ತ್ರಾಸು, ಮಧ್ಯಾಹ್ನ ಇಲ್ಲ ಎಂದರೆ ಡೀಸೆಲ್ಲು ನಳಿಗೆಯಿಂದ ಟಾಕಿಗೆ ಹಿಂದೆ ಇಳಿದು ಹೋಗುತ್ತಿದೆ. ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಸುಂದರವ್ವ ಕೈಯಿಂದ ಡೀಸೆಲ್ ಪಂಪು ಒತ್ತಿದಳು, ಮಿಸ್ತ್ರಿ ಬ್ಯಾಟರಿ ದೀಪ ಹಿಡಿದು ರಬ್ಬರ್ ನಳಿಗೆಯನ್ನು ಗೇಣು ಗೇಣಾಗಿ ಬಗ್ಗಿಸಿ ನೋಡಿದರು. ಕ್ಲಿಪ್ಪಿನ ಕೆಳಗೆ, ಕೂದಲೆಳೆಯಷ್ಟು ಸೀಳು. ಹೊಸ ನಳಿಗೆ ಹಾಕಿದರು. ಮೂರನೆಯ ದಿನ ಮುಂಜಾನೆ ಗಾಡಿ ಒಂದೇ ಏಟಿಗೆ ಹತ್ತಿತು. ಸುಂದರವ್ವ ಅವತ್ತು ವರದಾಬಾಯಿಗೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದಿದ್ದಳು.

ಬ್ರೇಕಿನದು ವಿಚಿತ್ರ. ಗಾಡಿ ಎಡಕ್ಕೆ ಎಳೆಯುತ್ತದೆಂದು ಹಿಂದಿನ ಗ್ಯಾರೇಜಿನವರು ಎರಡು ಸಲ ಎಡಗಡೆಯ ಬ್ರೇಕನ್ನೇ ಬಿಚ್ಚಿದ್ದರು. ಮಿಸ್ತ್ರಿ ಸೀದಾ ಬಲಗಡೆಗೆ ಹೋದರು. "ಎಡಗಡೆ ಎತ್ತು ನಿಂತ್ರೂ ಬಲಗಡೆ ಎತ್ತು ಹಂಗ ನಡದ್ರ ಬಂಡಿ ಯಾ ಕಡೆ ಹೊಳ್ಳತದ, ತಂಗಿ?"

"ಎಡಕ್ಕ."

"ಅಂದ್ರ ತಪ್ಪು ಯಾರದು?"

ಸುಂದರವ್ವ ನಕ್ಕಳು. ಬಲಗಡೆಯ ಬ್ರೇಕ್ ಪೈಪು ಹೊರಗಿನಿಂದ ಹೊಸದರಂತಿತ್ತು. ಕತ್ತರಿಸಿ ತೋರಿಸಿದರೆ ಒಳಗೆ ಊದಿ, ಸೂಜಿ ಹೋಗುವಷ್ಟೂ ದಾರಿ ಉಳಿದಿರಲಿಲ್ಲ.

ರೇಡಿಯೇಟರಿಗೆ ಒಂದು ಇಡೀ ದಿನ ಹಿಡಿಯಿತು. ಬಿಚ್ಚಿ ಬೆಳಕಿಗೆ ಹಿಡಿದಾಗ ಅದರ ಜಾಲರಿಯ ತುಂಬ ಹತ್ತಿ! ಮೊದಲಿನ ಮಾಲಕರಲ್ಲಿ ಯಾರೋ ಹತ್ತಿ ಹೇರುತ್ತಿದ್ದರು. ವರ್ಷಗಟ್ಟಲೆ ಹಾರಿದ ಎಳೆಗಳು ಧೂಳಿನೊಂದಿಗೆ ಸೇರಿ ಕಂಬಳಿಯಂತೆ ಕೂತಿದ್ದವು. ಗಾಳಿ ಹೋಗದ ಮೇಲೆ ನೀರು ತಣ್ಣಗಾಗುವುದು ಹೇಗೆ? ವರದಾಬಾಯಿ ಹಳೆಯ ಹಲ್ಲುಜ್ಜುವ ಬ್ರಷ್ಷು ತಂದುಕೊಟ್ಟರು. ಇಬ್ಬರು ಹೆಂಗಸರೂ ಬೇವಿನ ನೆರಳಲ್ಲಿ ಕುಳಿತು, ತಲೆಗೆ ಬಾಚಣಿಗೆ ಹಾಕಿದಷ್ಟು ನಾಜೂಕಾಗಿ ಅದನ್ನು ಬಿಡಿಸಿ ತೊಳೆದರು. ಮಿಸ್ತ್ರಿ ಬಹಳ ದಿನಗಳ ಮೇಲೆ ಏನೋ ಗುನುಗುತ್ತಿದ್ದರು. ಅದು ತಮಗೆ ಕೇಳಿಸುತ್ತಿರಲಿಲ್ಲವೆಂದು ಆಮೇಲೆ ಹೇಳಿದರು.

ಉಳಿದದ್ದು ಕೊನೆಯ ಪುಟದ ಸಪ್ಪಳ.

ಎಂಟನೆಯ ದಿನ ಇಬ್ಬರೂ ಗಾಡಿ ತೆಗೆದುಕೊಂಡು ಮುರಗೋಡದ ಕಡೆ ಹೊರಟರು. ಸುಂದರವ್ವ ಸ್ಟೇರಿಂಗಿಗೆ, ಮಿಸ್ತ್ರಿ ಪಕ್ಕದಲ್ಲಿ. ನಾಲ್ಕು ಮೈಲಿ ಹೋದ ಮೇಲೆ ಮಿಸ್ತ್ರಿ ಅಂದರು: "ಎಲ್ಲಾ ಬರೋಬ್ಬರಿ ಅದ. ಸಪ್ಪಳ ಏನೂ ಇಲ್ಲ."

"ಬರಾಕತ್ತೈತಲ್ರಿ, ಕಾಕಾ."

"ಎಲ್ಲಿ?"

"ಈಗ. ಈಗೂ ಬರಾಕತ್ತೈತಿ."

ಮಿಸ್ತ್ರಿ ಕತ್ತು ಓರೆ ಮಾಡಿದರು, ಕಿಟಕಿಗೆ ಕಿವಿ ಹಚ್ಚಿದರು. ಆಮೇಲೆ ನೆಟ್ಟಗೆ ಕುಳಿತು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು. ಸುಂದರವ್ವ ಗಾಡಿಯನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ ಬಂದ್ ಮಾಡಿದಳು.

"ತಂಗೀ, ನನಗ ಕೇಳ್ಸೂದಿಲ್ಲ." ಅವರು ಎದುರಿನ ಗಾಜಿನ ಕಡೆ ನೋಡುತ್ತ ಹೇಳಿದರು. "ಎರಡು ವರ್ಷ ಆತು. ಯಾರಿಗೂ ಹೇಳಿಲ್ಲ."

"ನನಗ ಮೊದಲ್ನೇ ದಿನಾನ ಗೊತ್ತಾತ್ರಿ. ನಾ ಮಾತಾಡುವಾಗ ನೀವು ನನ್ನ ಬಾಯಿ ನೋಡ್ತಿದ್ರಿ."

"ಗೊತ್ತಿದ್ದೂ ಗಾಡಿ ಬಿಟ್ಟಿ?"

"ಕೇಳಾಕ ನಾ ಅದೀನಲ್ರಿ. ಅದು ಏನಂತ ಹೇಳಾಕ ನೀವು ಬೇಕು."

ಮಿಸ್ತ್ರಿ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಒಂದು ಬಸ್ಸು ಪಕ್ಕದಲ್ಲಿ ಹಾದುಹೋಯಿತು. ಆಮೇಲೆ ಎಂದಿನ ಮಿಸ್ತ್ರಿಯ ದನಿಯಲ್ಲಿ ಕೇಳಿದರು: "ಹೆಂಗ ಬರ್ತದ ಹೇಳು. ಗಡಿಬಿಡಿ ಬ್ಯಾಡ."

ಸುಂದರವ್ವ ಕಣ್ಣುಮುಚ್ಚಿಕೊಂಡು ಯೋಚಿಸಿದಳು. "ಬೀಸೂ ಕಲ್ಲು ಕಾಳಿಲ್ದ ತಿರುವಿದ್ರ ಬರತೈತಲ್ರಿ, ಗರ ಗರ ಅಂತ? ಹಂಗ. ಕಾಳು ಹಾಕಿದಾಗ ಬರೂ ಮೆತ್ತನ್ನ ಸಪ್ಪಳ ಅಲ್ಲ, ಬರೇ ಕಲ್ಲಿಂದು."

"ಜೋರು ಹೋದ್ರ?"

"ಜೋರು ತಿರುವಿದಂಗ ಆಗತೈತಿ."

"ಎಂಜಿನ್ನು ಬಂದ್ ಮಾಡಿ ಗಾಡಿ ಉರುಳಿದ್ರ?"

ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ, ಮೆಲ್ಲಗೆ ಉರುಳಿಸಿ ನೋಡಿದರು. ಆಗಲೂ ಇತ್ತು. ಅಂದರೆ ಎಂಜಿನ್ನಿನದಲ್ಲ, ಗಾಲಿಯದು. ಬಲಕ್ಕೆ ಹೊರಳಿಸಿದಾಗ ಹೆಚ್ಚು, ಎಡಕ್ಕೆ ಹೊರಳಿಸಿದಾಗ ಕಡಿಮೆ ಎಂದಳು. ಬಲಕ್ಕೆ ಹೊರಳಿದಾಗ ಭಾರವೆಲ್ಲ ಎಡಗಾಲಿಯ ಮೇಲೆ ಬೀಳುತ್ತದೆ. ಮಿಸ್ತ್ರಿ ತಲೆಯಾಡಿಸಿದರು. "ಗ್ಯಾರೇಜಿಗೆ ನಡಿ."

ಜ್ಯಾಕು ಕೊಟ್ಟು ಮೊದಲು ಬಲಗಾಲಿ ಎತ್ತಿದರು. ಸುಂದರವ್ವ ಕೈಯಿಂದ ಗಾಲಿ ತಿರುವಿದಳು, ಮಿಸ್ತ್ರಿ ಅದರ ಮೇಲಿನ ಸ್ಪ್ರಿಂಗಿನ ಕಮಾನುಪಟ್ಟಿಯ ಮೇಲೆ ಅಂಗೈ ಇಟ್ಟರು. ಪಟ್ಟಿ ತಣ್ಣಗೆ, ಸುಮ್ಮನಿತ್ತು. ಎಡಗಾಲಿ ಎತ್ತಿ ಮತ್ತೆ ಅಂಗೈ ಇಟ್ಟರು. ಗಾಲಿ ಒಂದು ಸುತ್ತು ಬಂತು, ಎರಡು ಸುತ್ತು. ಅಂಗೈಯೊಳಗೆ ಸಣ್ಣಗೆ, ಉಸುಕು ಹರಿದಂತೆ ನಡುಕ. ಅವರು ಮುಖ ಎತ್ತಿ ಸುಂದರವ್ವನನ್ನು ನೋಡಿದರು.

"ಬೇರಿಂಗು" ಎಂದರು. "ನಿನ್ನ ಬೀಸೂ ಕಲ್ಲು ಇಲ್ಲೇ ಅದ. ನೀನೂ ಕೈ ಇಟ್ಟು ನೋಡು."

ಬಿಚ್ಚಿ ತೆಗೆದಾಗ ಬೇರಿಂಗಿನ ಗುಂಡುಗಳು ಕಚ್ಚು ಬಿದ್ದು ಒರಟಾಗಿದ್ದವು. ಇನ್ನೊಂದು ತಿಂಗಳು ಓಡಿದ್ದರೆ ದಾರಿಯಲ್ಲೇ ಗಾಲಿ ಕೈಕೊಡುತ್ತಿತ್ತು. ಹೊಸದನ್ನು ಗ್ರೀಸಿನಲ್ಲಿ ನಾದಿ ಕೂಡಿಸಿದರು. ಮತ್ತೆ ಅದೇ ರಸ್ತೆಯಲ್ಲಿ ಹೋಗಿಬಂದು ಇಳಿದಾಗ ಸುಂದರವ್ವ ಹೇಳಿದ್ದು ಒಂದೇ ಮಾತು: "ಸುಮ್ಮನಾತ್ರಿ."

ಅಂದು ಊಟಕ್ಕೆ ಕುಳಿತಾಗ ಮಿಸ್ತ್ರಿ ಹೆಂಡತಿಗೆ ಹೇಳಿದರು: "ವರದಾ, ಎರಡು ವರ್ಷದಿಂದ ನಿನ್ನ ಮಾತಿಗೆ ಬರೇ ತಲಿ ಅಲ್ಲಾಡಿಸ್ಕೋತ ಬಂದೀನಿ."

ವರದಾಬಾಯಿ ಸಾರು ಬಡಿಸುತ್ತ, "ಗೊತ್ತದ" ಎಂದರು, ದೊಡ್ಡ ದನಿಯಲ್ಲಿ. "ಮೊನ್ನೆ ಬೆಕ್ಕು ಹಾಲೆಲ್ಲಾ ಕುಡದ್ ಹೋತು ಅಂದೆ. 'ಭಾಳ ಚಲೋ ಆತು' ಅಂದ್ರಿ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ವರದಾಬಾಯಿಯ ಕಣ್ಣು ತುಂಬಿತು. ಗಂಡನ ಎದುರು ಮಾತಾಡುವುದನ್ನೇ ಆಕೆ ಮೆಲ್ಲಗೆ ಕಡಿಮೆ ಮಾಡಿಬಿಟ್ಟಿದ್ದರು. ದಿನದ ಸಣ್ಣಪುಟ್ಟ ಸುದ್ದಿಗಳನ್ನು ಒಲೆಗೂ ತುಳಸಿಗೂ ಹೇಳಿಕೊಳ್ಳುತ್ತಿದ್ದರಂತೆ. ಇದನ್ನು ಅವರು ಹೇಳಿದ್ದು ನನ್ನ ಹೆಂಡತಿಗೆ.

ಧಾರವಾಡದ ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದವಳೂ ಸುಂದರವ್ವನೇ, ಅದೇ ಗಾಡಿಯಲ್ಲಿ. ಮುಂದೆ ಇಬ್ಬರಿಗೆ ಮಾತ್ರ ಜಾಗ. ಮಿಸ್ತ್ರಿ ಹಟ ಹಿಡಿದು ವರದಾಬಾಯಿಯನ್ನು ಮುಂದೆ ಕೂಡಿಸಿ, ತಾವು ಹಿಂದೆ ರೊಟ್ಟಿಯ ಬುಟ್ಟಿಗಳ ನಡುವೆ ಚಾಪೆ ಹಾಕಿಕೊಂಡು ಕುಳಿತರು. ಎರಡೂ ಅಂಗೈಗಳನ್ನು ಗಾಡಿಯ ನೆಲಕ್ಕೆ ಒತ್ತಿಕೊಂಡೇ ಧಾರವಾಡ ಮುಟ್ಟಿದರು. ಇಳಿದು ಮೊದಲು ಕೇಳಿದ್ದು, "ಹೀಟಿನ ಮುಳ್ಳು ಎಲ್ಲಿತ್ತು?" ಎಂದು.

"ಅರ್ಧಕ್ಕ ನಿಂತದ್ದು ಅಲ್ಲಾಡಿಲ್ರಿ" ಎಂದಳು ಸುಂದರವ್ವ.

ಡಾಕ್ಟರು ಎರಡು ವರ್ಷ ಮೊದಲೇ ಬರಬೇಕಾಗಿತ್ತು ಎಂದರು. ಹೋದದ್ದು ಪೂರ್ತಿ ತಿರುಗಿ ಬರುವುದಿಲ್ಲ, ಮಷೀನು ಹಾಕಿದರೆ ಒಂದಷ್ಟು ಕೇಳಿಸುತ್ತದೆ ಎಂದರು. ಮಷೀನು ಬಂತು. ಮೊದಲ ವಾರ ಮಿಸ್ತ್ರಿಗೆ ಅದು ಶಿಕ್ಷೆಯಾಯಿತು. ತಾಟು ಇಟ್ಟರೆ ಗುಂಡು ಹೊಡೆದಂತೆ, ಕಾಗದ ಮಡಚಿದರೆ ಬೆಂಕಿ ಹತ್ತಿದಂತೆ. ಎಂಜಿನ್ನುಗಳೆಲ್ಲ ತಗಡಿನ ಡಬ್ಬಿಯೊಳಗಿಂದ ಒದರುತ್ತಿದ್ದವು. ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಿಟ್ಟರು. "ಇದು ನನ್ನ ಕಿವಿ ಅಲ್ಲ ಮಾಸ್ತರ, ಯಾರದೋ ಕಿವಿ" ಎಂದು ನನ್ನೆದುರು ಬೇಸರಪಟ್ಟುಕೊಂಡರು.

ಅವರನ್ನು ಮತ್ತೆ ದಾರಿಗೆ ತಂದವರು ವರದಾಬಾಯಿ. ಮಷೀನು ತೆಗೆದುಕೊಂಡು ಬಂದು ತಾವೇ ಗಂಡನ ಕಿವಿಗೆ ಸಿಕ್ಕಿಸಿದರು. ಎದುರಿಗೆ ಕುಳಿತು, ದನಿ ಎತ್ತದೆ, ಎರಡು ವರ್ಷ ಹೇಳದೆ ಉಳಿದಿದ್ದ ಸುದ್ದಿಗಳನ್ನು ದಿನಕ್ಕೆ ಒಂದು ತಾಸಿನಂತೆ ಹೇಳತೊಡಗಿದರು. ಯಾರ ಮನೆಯಲ್ಲಿ ಮದುವೆ, ಯಾರಿಗೆ ಮೊಮ್ಮಗಳು, ಯಾವ ಉಪ್ಪಿನಕಾಯಿ ಕೆಟ್ಟಿತು. ಮಿಸ್ತ್ರಿ ಕೇಳುತ್ತ ಕುಳಿತಿರುತ್ತಿದ್ದರು. ಮೊದಲು ಮನುಷ್ಯರ ಮಾತು ಹದಕ್ಕೆ ಬಂತು. ಎಂಜಿನ್ನು ಹದಕ್ಕೆ ಬರಲು ಮಳೆಗಾಲ ಬರಬೇಕಾಯಿತು.

ಈಗ ಗ್ಯಾರೇಜಿನಲ್ಲಿ ಮತ್ತೆ ಗಾಡಿಗಳು ನಿಲ್ಲುತ್ತವೆ. ಬಂದವರಿಗೆ ಮಿಸ್ತ್ರಿ ಮೊದಲೇ ಹೇಳಿಬಿಡುತ್ತಾರೆ: "ನನಗ ಅರ್ಧ ಕೇಳ್ತದ, ಉಳಿದರ್ಧ ಕೈಲೆ ನೋಡ್ತೀನಿ. ಸಪ್ಪಳ ಯಾವುದರ ಹಂಗ ಬರ್ತದ, ನೀವ ಹೇಳ್ರಿ." ಯಾರೂ ಗಾಡಿ ಹೊರಳಿಸಿಕೊಂಡು ಹೋದದ್ದಿಲ್ಲ. ಬದಲಿಗೆ ಜನ ದಾರಿಯುದ್ದಕ್ಕೂ ಯೋಚಿಸಿಕೊಂಡು ಬರುತ್ತಾರೆ. ಮನೋಳಿಯ ರಾಯಪ್ಪ ಟ್ರ್ಯಾಕ್ಟರು ತಂದು, ಅತ್ತ ಇತ್ತ ನೋಡಿ, "ನಮ್ಮ ಅತ್ತಿ ಗೊರಕಿ ಹೊಡದಂಗ ಆಗತೈತ್ರಿ, ನಡುವ ಒಮ್ಮೆ ಉಸಿರು ಹಿಡದಂಗ" ಎಂದ. ಮಿಸ್ತ್ರಿ ನಗು ತಡೆದುಕೊಂಡು ಡೀಸೆಲ್ ಫಿಲ್ಟರು ಬಿಚ್ಚಿದರು. ಅದು ಕಟ್ಟಿಕೊಂಡಿತ್ತು.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ. ಮಿಸ್ತ್ರಿಯ ಫೋನು ರಿಂಗಾಯಿತು, ಅವರು ಎಂದಿನಂತೆ ಸ್ಪೀಕರಿಗೆ ಹಾಕಿದರು. ಸುಂದರವ್ವ. ಸವದತ್ತಿಗೆ ರೊಟ್ಟಿ ಒಯ್ಯುವಾಗ ದಾರಿಯಲ್ಲಿ ಗಾಡಿ ನಿಂತಿದೆ, ಮಳೆ ಬೇರೆ. ಮಿಸ್ತ್ರಿ ಕೇಳಿಸಿಕೊಳ್ಳುತ್ತಲೇ ಚಪ್ಪಲಿ ಮೆಟ್ಟಿ, ಪಾನಾಗಳ ಚೀಲ ಹೆಗಲಿಗೇರಿಸಿದರು. "ಬಸ್ಸಿಗೆ ಬರ್ತೀನಿ, ಅಲ್ಲೇ ಇರು" ಎಂದರು. ಆಕೆ ಬೇಡವೆಂದಳು. ಅಲ್ಲಿಂದಲೇ ಹೇಳಿದರೆ ಸಾಕು, ತಾನೇ ಮಾಡುತ್ತೇನೆ ಎಂದಳು.

"ಹೆಂಗ ನಿಂತ್ತು? ಒಮ್ಮೆಲೆ ನಿಂತ್ತೋ, ತೇಕ್ಕೋತ ನಿಂತ್ತೋ?"

"ತೇಕ್ಕೋತ."

"ಸೀಟು ಎತ್ತು. ನಳಿಗಿ ಮುಟ್ಟಿ ನೋಡು. ಎಲ್ಲೆರೆ ಹಸಿ ಆಗೇದೇನು?"

ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಆಮೇಲೆ ಆಕೆ ಒಂದು ಕ್ಲಿಪ್ಪಿನ ಹತ್ತಿರ ಡೀಸೆಲ್ಲು ಜಿನುಗಿದೆ ಎಂದಳು. ಮಿಸ್ತ್ರಿ ಹೂಂಗುಟ್ಟುತ್ತ ಕ್ಲಿಪ್ಪು ಹೇಗೆ ಬಿಗಿಯಬೇಕು, ಕೈಪಂಪು ಎಷ್ಟು ಸಲ ಒತ್ತಬೇಕೆಂದು ಹೇಳಿಕೊಟ್ಟರು. ಅವರ ಬೆರಳುಗಳು ಗಾಳಿಯಲ್ಲೇ ಕ್ಲಿಪ್ಪು ತಿರುವುತ್ತಿದ್ದವು. ವರದಾಬಾಯಿ ಬಾಗಿಲಿಗೆ ಬಂದು ನಿಂತರು. ಎರಡು ಮೂರು ನಿಮಿಷವಾಗಿರಬೇಕು. ಫೋನಿನಿಂದ ಎಂಜಿನ್ನಿನ ಸದ್ದು ನನಗೂ ಕೇಳಿಸಿತು, ಅದರ ಮೇಲೆ ಆಕೆಯ ನಗು.

ಮಿಸ್ತ್ರಿ ಫೋನು ಕಿಸೆಗೆ ಹಾಕಿ, ಚೀಲ ಇಳಿಸಿ, ಕಾಲಲ್ಲಿ ಚಪ್ಪಲಿ ಇದ್ದಂತೆಯೇ ನನ್ನ ಪಕ್ಕದಲ್ಲಿ ಕುಳಿತರು.

"ನಾ ಹೋಗೂದು ಬ್ಯಾಡಂತ" ಎಂದರು. ಆ ಮಾತಿನಲ್ಲಿ ಬೇಸರವಿರಲಿಲ್ಲ. ವರದಾಬಾಯಿ ಚಹಾ ತರಲು ಒಳಗೆ ಹೋದರು.